ತೂಗುಕುದುರೆಯ ಕತ್ತು

ಅಜ್ಜಂಪುರದ ಕಲ್ಲೇಶಪ್ಪನಿಗೆ ಯಾರ ಮುಖ ನೋಡಿಯೂ ‘ಆಗಲ್ಲ’ ಅನ್ನಲು ಬರುತ್ತಿರಲಿಲ್ಲ. ಮರದ ಕುದುರೆಗಳ ಸಹವಾಸ ಅವನಿಗೆ ಗಂಟು ಬಿದ್ದದ್ದೂ ಹಾಗೆಯೇ. ೧೯೫೨ರಲ್ಲಿ ಹೆಬ್ಬೆ ಕಡೆಯ ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ತನ್ನ ದೇಶಕ್ಕೆ ಹೊರಟಾಗ ಅವನ ಮನೆಯ ಸಾಮಾನನ್ನೆಲ್ಲ ತರೀಕೆರೆಯಲ್ಲಿ ಹರಾಜಿಗೆ ಇಟ್ಟರು. ಅಣ್ಣ ನೋಡಿಕೊಳ್ಳುತ್ತಿದ್ದ ದಿನಸಿ ಅಂಗಡಿಗೆ ಒಂದು ಬೀರು ಸಿಕ್ಕೀತೆಂದು ಕಲ್ಲೇಶಪ್ಪ ಹೋಗಿದ್ದ. ಬೀರು ಇನ್ಯಾರದೋ ಪಾಲಾಯಿತು. ಆಮೇಲೆ ಒಂದು ಕಿವಿ, ಒಂದು ಕಾಲು ಇಲ್ಲದ ಮರದ ತೂಗುಕುದುರೆಯನ್ನು ಮುಂದೆ ತಂದಿಟ್ಟರು. ಕಾಲಡಿಗೆ ತೊಟ್ಟಿಲಿಗಿರುವಂತೆ ಬಾಗಿದ ಹಲಗೆಗಳು. ಮಕ್ಕಳು ಮೇಲೆ ಕೂತು ಹಿಂದಕ್ಕೂ ಮುಂದಕ್ಕೂ ತೂಗಿಕೊಳ್ಳುವಂಥದ್ದು. ಯಾರೂ ಕೂಗಲಿಲ್ಲ. ಹರಾಜಿನವನು ಕಲ್ಲೇಶಪ್ಪನನ್ನೇ ದಿಟ್ಟಿಸಿ ನೋಡಿದ. ಅಷ್ಟು ಹೊತ್ತು ನೋಡುತ್ತಿರುವವನನ್ನು ನಿರಾಸೆ ಮಾಡುವುದು ಹೇಗೆಂದು ಇವನು ತಲೆಯಾಡಿಸಿಬಿಟ್ಟ.

ಆ ಸಂಜೆ ಗಾಡಿಯಿಂದ ಕುದುರೆ ಇಳಿದಾಗ ಬೀದಿಗೆ ಬೀದಿಯೇ ಬಂದು ನಕ್ಕಿತು. ಅಣ್ಣ ಎರಡು ದಿನ ಮಾತು ಬಿಟ್ಟ. ತಾಯಿ ಕರಿಬಸಮ್ಮ ಮಾತ್ರ, “ತಂದಿದ್ದಾಯ್ತು, ಅದ್ರ ಕಾಲಾದ್ರೂ ನೆಟ್ಟಗೆ ಮಾಡು. ಕುಂಟು ಕುದುರೆ ಮನೆ ಮುಂದೆ ನಿಲ್ಲಿಸ್ಕಬಾರ್ದು” ಎಂದಳು.

ಮರದ ಕೆಲಸ ಇವರ ಮನೆತನದ್ದಲ್ಲ. ಕಲ್ಲೇಶಪ್ಪ ಅದನ್ನು ಕಲಿತದ್ದು ಬೀರೂರಿನ ತಮ್ಮಯ್ಯನಿಂದ. ತಮ್ಮಯ್ಯ ರೈಲ್ವೆಯಲ್ಲಿ ಬಡಗಿಯಾಗಿದ್ದು ನಿವೃತ್ತನಾದವನು. ಸಾಹೇಬರ ಬಂಗಲೆಗಳಲ್ಲಿ ಇಂಥ ಕುದುರೆಗಳನ್ನು ದುರಸ್ತಿ ಮಾಡಿ ಅನುಭವವಿದ್ದವನು. ಹಳೆಯ ಬಣ್ಣವನ್ನು ಗಾಜಿನ ಚೂರಿನಿಂದ ಹೆರೆಯುವುದು, ಬಿಳಿಯ ಮೈಮೇಲೆ ಬೂದು ಚುಕ್ಕೆಗಳನ್ನು ಹಸಿಯಿರುವಾಗಲೇ ಒತ್ತುವುದು, ಕಡೂರು ಸ್ಟೇಷನ್ನಿನ ಜಟಕಾದವರಿಂದ ಕುದುರೆಕೂದಲು ತಂದು ಸೀಗೆಯಲ್ಲಿ ತೊಳೆದು ಬಾಲ ಕಟ್ಟುವುದು, ಎಲ್ಲವನ್ನೂ ಹೇಳಿಕೊಟ್ಟ. ಮೊದಲ ಕುದುರೆ ನಾಲ್ಕು ಕಾಲಿನ ಮೇಲೆ ನಿಂತ ದಿನ ಕಲ್ಲೇಶಪ್ಪನಿಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವನೇ ಹೇಳಿ, ಹೆಂಡತಿಯಿಂದ ಅನ್ನಿಸಿಕೊಂಡಿದ್ದ.

ಅಲ್ಲಿಂದ ಹುಡುಕಾಟ ಶುರುವಾಯಿತು. ಎಮ್ಮೆದೊಡ್ಡಿಯ ಹುಲ್ಲಿನ ಕೊಟ್ಟಿಗೆಯಲ್ಲಿ ಒಂದು ಸಿಕ್ಕಿತು. ದನಗಳು ನೆಕ್ಕಿ ನೆಕ್ಕಿ ಅದರ ಬಣ್ಣವೇ ಹೋಗಿತ್ತು. ಅಮೃತಾಪುರದಲ್ಲಿ ಒಬ್ಬ ಮುದುಕಿ ಇನ್ನೊಂದನ್ನು ಯಾವುದೋ ದೇವರ ವಾಹನವೆಂದು ತಿಳಿದು ದಿನಾ ಕುಂಕುಮ ಇಡುತ್ತಿದ್ದಳು. ಕೇಳಿದ್ದಕ್ಕೆ ಪೊರಕೆ ಹಿಡಿದು ಬಂದಳು. ಕಲ್ಲೇಶಪ್ಪ ಅಲ್ಲಿಗೆ ಒಂಬತ್ತು ಸಲ ಹೋಗಿ, ಒಂಬತ್ತು ಸಲವೂ ಮಜ್ಜಿಗೆ ಕುಡಿದು, ಬರಿಗೈಯಲ್ಲಿ ಬಂದ. ಒಂಬತ್ತು ವರ್ಷಗಳಲ್ಲಿ ಆರು ಕುದುರೆಗಳು ಅವನ ಕೈಯಲ್ಲಿ ಮರುಜನ್ಮ ಪಡೆದು ಬೆಂಗಳೂರು, ಶಿವಮೊಗ್ಗೆಯ ಮನೆಗಳಿಗೆ ಹೋದವು. ಪ್ರತಿ ಸಲವೂ ಕಳಿಸಿದ ಮೇಲೆ ಅವನಿಗೆ ಹದಿನೈದು ದಿನ ಊಟ ಸೇರುತ್ತಿರಲಿಲ್ಲ. ಕಾಲು ಸಡಿಲವಾಯಿತೋ, ಮಗು ಬಿತ್ತೋ, ಬಾಲ ಕಿತ್ತು ಬಂತೋ ಎಂದು ತಾನೇ ಕಥೆ ಕಟ್ಟಿಕೊಂಡು ತಾನೇ ಹೆದರುವ ಆಸಾಮಿ. ಆರೂ ಸಲ ಏನೂ ಆಗಲಿಲ್ಲ. ಏಕೆಂದರೆ ಆರಕ್ಕೂ ಹಾಕಿದ್ದು ಮರವಜ್ರ.

ಮರವಜ್ರವೆಂದರೆ ಬಡಗಿಗಳು ಮರಕ್ಕೆ ಮರ ಕೂಡಿಸುವ ಅಂಟು. ತೊಗಲು, ಮೂಳೆ ಬೇಯಿಸಿ ತೆಗೆದದ್ದು. ಬೆಲ್ಲದ ಚೂರಿನಂತೆ ಗಟ್ಟಿಯಾಗಿರುತ್ತದೆ, ನೀರಲ್ಲಿ ನೆನೆಸಿ ಕುದಿಸಬೇಕು. ಕುದಿಯುವಾಗ ಬರುವ ವಾಸನೆ ಸಹಿಸುವಂಥದ್ದಲ್ಲ. ಕಲ್ಲೇಶಪ್ಪನದು ಲಿಂಗ ಕಟ್ಟಿದ ಮನೆ, ಮೊಟ್ಟೆಯನ್ನೂ ಕಣ್ಣೆತ್ತಿ ನೋಡದವರು. ಅದಕ್ಕೇ ಅವನು ಈ ಕುದಿಸಿ ಕೂಡಿಸುವ ಕೆಲಸವನ್ನು ಬೀರೂರಿನಲ್ಲೇ ತಮ್ಮಯ್ಯನ ಕೊಟ್ಟಿಗೆಯಲ್ಲಿ ಮುಗಿಸಿ, ಕೆರೆಯಲ್ಲಿ ಮುಳುಗೆದ್ದು, ಏನೂ ಗೊತ್ತಿಲ್ಲದವನಂತೆ ಮನೆಗೆ ಬರುತ್ತಿದ್ದ.

೧೯೬೧ರ ಯುಗಾದಿಯ ಹೊತ್ತಿಗೆ ಕರಿಬಸಮ್ಮ ಹಾಸಿಗೆ ಹಿಡಿದಳು. ಜ್ವರ ಇಳಿಯಲೇ ಇಲ್ಲ. ಒಂದು ಬೆಳಿಗ್ಗೆ, ಬೀರೂರಿನಿಂದ ಆಗತಾನೆ ಬಂದ ಮಗ ಪಕ್ಕದಲ್ಲಿ ಕೂತಾಗ ಅವಳು ಅವನ ತೋಳನ್ನು ಮೂಸಿದಳು.

“ಏನೋ ಇದು? ಸತ್ತ ದನದ ವಾಸ್ನೆ.”

ಕಲ್ಲೇಶಪ್ಪ ಸುಳ್ಳು ಹೇಳುವುದರಲ್ಲೂ ಗಟ್ಟಿಗನಲ್ಲ. ಎಲ್ಲ ಒದರಿಬಿಟ್ಟ. ಕರಿಬಸಮ್ಮ ಕತ್ತಿನಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಅವನ ಕೈಯನ್ನು ಅದರ ಮೇಲಿಟ್ಟುಕೊಂಡಳು. “ನಾನು ಇರೋವರ್ಗೂ ಅದನ್ನ ಮುಟ್ಟಕೂಡ್ದು. ಆಣೆ ಮಾಡು.”

ಜ್ವರದಿಂದ ಸುಡುವ ಆ ಕೈಯ ಎದುರು ಆಗಲ್ಲವೆನ್ನಲು ಎಂಥ ಕಲ್ಲೆದೆ ಬೇಕು. ಅವನು ಆಣೆ ಮಾಡಿದ. ಕರಿಬಸಮ್ಮನ ಜ್ವರ ನಾಲ್ಕನೆಯ ದಿನಕ್ಕೆ ಇಳಿಯಿತು. ಅವಳು ಎದ್ದು ಓಡಾಡಿದಳು. ಆಣೆ ಮಾತ್ರ ಉಳಿಯಿತು.

ಆಮೇಲೆ ಹತ್ತೇ ದಿನಕ್ಕೆ ಹೆಬ್ಬೆ ಕಡೆಯ ತೋಟದ ಲೆಕ್ಕಪತ್ರ ನೋಡುವ ರೈಟರ್ ಓಂಕಾರಮೂರ್ತಿ ಹೆಂಡತಿ ಕಾಂತಮ್ಮನ ಜೊತೆ ಕಲ್ಲೇಶಪ್ಪನನ್ನು ಹುಡುಕಿಕೊಂಡು ಬಂದ. ಇಬ್ಬರ ನಡುವೆ ಆರು ವರ್ಷದ ಮಗಳು ಶಿವಲೀಲ. ಅವಳನ್ನು ಅಪ್ಪ ಎತ್ತಿಕೊಂಡೇ ಬಂದಿದ್ದ. ಎರಡು ವರ್ಷದ ಹಿಂದೆ ಪೋಲಿಯೊ ಬಂದು ಎಡಗಾಲು ಸೋತಿತ್ತು. ಕಾಲಿಗೆ ಕೆಲಸ ಕೊಡಿ, ದಿನಾ ಒತ್ತಿ ಒತ್ತಿ ತಳ್ಳುವಂಥ ಆಟ ಆಡಿಸಿ, ಈಗ ಬಿಟ್ಟರೆ ಆಮೇಲೆ ಆ ಕಾಲು ಬಲಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

“ಮಳೆಗಾಲಕ್ಕೆ ಮುಂಚೆ ಒಂದು ಕುದುರೆ ಬೇಕು ಕಲ್ಲೇಶಪ್ನೋರೆ” ಎಂದ ಓಂಕಾರಮೂರ್ತಿ. “ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಮಗು ಹೊರಗೆ ಕಾಲಿಡಕ್ಕಾಗಲ್ಲ.”

ಕಲ್ಲೇಶಪ್ಪನ ಬಳಿ ಆಗ ಒಂದೇ ಕುದುರೆ ಇತ್ತು. ಕಡೂರಿನ ಜವಳಿ ಅಂಗಡಿಯ ಅಟ್ಟದಲ್ಲಿ ಸಿಕ್ಕಿದ್ದು. ಮೈ ಒಂದು ಕಡೆ, ತಲೆ ಒಂದು ಗೋಣಿಚೀಲದಲ್ಲಿ. ಕತ್ತಿನ ಒಳಗೆ ಹುಳ ಕೊರೆದಿದ್ದರಿಂದ ಕಬ್ಬಿಣದ ಮೊಳೆ ಹೊಡೆದರೆ ಸೀಳಿಬಿಡುತ್ತಿತ್ತು. ಅದನ್ನು ನಿಲ್ಲಿಸುವುದಿದ್ದರೆ ಅಂಟಿನಿಂದಲೇ, ಅದೂ ಮರವಜ್ರದಿಂದಲೇ. ‘ಈ ಸಲ ಆಗಲ್ಲ’ ಎಂದು ಹೇಳಲು ಕಲ್ಲೇಶಪ್ಪ ಬಾಯಿ ತೆರೆದ. ಶಿವಲೀಲ ಆ ತಲೆಯನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಹಲ್ಲು ಎಣಿಸುತ್ತಿದ್ದಳು.

“ಆಯ್ತು, ವೈಶಾಖದಲ್ಲಿ ಬನ್ನಿ” ಎಂದುಬಿಟ್ಟ.

ತಾಯಿಗೆ ಒಂದು ಮಾತು ಕೊಟ್ಟಾಗಿತ್ತು, ಇವರಿಗೆ ಇನ್ನೊಂದು. ಎರಡನ್ನೂ ಉಳಿಸಿಕೊಳ್ಳುವ ಉಪಾಯವೊಂದು ಅವನಿಗೆ ಹೊಳೆಯಿತು. ಆ ಸೀಮೆಯಲ್ಲಿ ಕಂಬಳಿ ನೇಯುವವರು ನೂಲಿಗೆ ಬಿಗಿ ಬರಲೆಂದು ಹುಣಸೆಬೀಜ ಹುರಿದು, ಬೀಸಿ, ಗಂಜಿ ಕಾಯಿಸಿ ಬಳಿಯುತ್ತಾರೆ. ಅದು ಒಣಗಿದರೆ ಕಂಬಳಿ ತಗಡಿನಂತೆ ನಿಲ್ಲುತ್ತದೆ. ಕಲ್ಲೇಶಪ್ಪ ಅದೇ ಗಂಜಿಯನ್ನು ಇನ್ನಷ್ಟು ಗಟ್ಟಿಯಾಗಿ, ತಾಯಿಯ ಕಣ್ಣೆದುರೇ ಅಡಿಗೆಮನೆಯ ಒಲೆಯ ಮೇಲೆ ಕಾಯಿಸಿದ. ಎರಡು ಬಿದಿರಮೊಳೆ ಕೊಟ್ಟು, ಕತ್ತು ಕೂಡಿಸಿ, ಹಗ್ಗ ಬಿಗಿದು ಬಿಸಿಲಲ್ಲಿಟ್ಟ. ಎಂಟು ದಿನದ ಮೇಲೆ ಕತ್ತಿಗೆ ಅರ್ಧ ಚೀಲ ರಾಗಿ ತೂಗುಹಾಕಿ ನೋಡಿದ. ಕೂದಲೆಳೆಯಷ್ಟೂ ಕದಲಲಿಲ್ಲ. ಬೇಸಿಗೆಯ ಅಜ್ಜಂಪುರದಲ್ಲಿ ಯಾವುದು ತಾನೆ ಒಣಗಿ ಗಟ್ಟಿಯಾಗುವುದಿಲ್ಲ? ಈ ಪ್ರಶ್ನೆ ಅವನ ತಲೆಗೆ ಬಂದೇ ಬಂತು. ಅದನ್ನು ಹಿಂದಕ್ಕೆ ತಳ್ಳಿ ಮೇಲೆ ಬಿಳಿಯ ಬಣ್ಣ ಬಳಿದ.

ಕುದುರೆ ಒಯ್ಯಲು ಬಂದ ದಿನ ಓಂಕಾರಮೂರ್ತಿ ಕತ್ತನ್ನು ಹಿಡಿದು ಅಲುಗಿಸಿ ನೋಡಿದ. “ಗಟ್ಟಿ ಇದ್ಯಾ? ಮಗು ಕೂರೋದು.”

“ಏನೂ ಯೋಚ್ನೆ ಮಾಡ್ಬೇಡಿ” ಎಂದ ಕಲ್ಲೇಶಪ್ಪ.

“ಇವಳ ಎಡಗಾಲಲ್ಲಿ ಹಿಡ್ತ ಇಲ್ಲ, ಜಾರಿದ್ರೆ ಏನ್ಮಾಡೋದು?” ಎಂದು ಕಾಂತಮ್ಮ ಕೇಳಿದಳು.

“ಸೊಂಟಕ್ಕೆ ಒಂದು ಸೀರೆ ತುಂಡು ಸುತ್ತಿ ಕುದುರೆ ಕತ್ತಿಗೆ ಕಟ್ಟಿ ತಾಯಿ. ಆಗ ಬೀಳೋ ಮಾತೇ ಇಲ್ಲ.”

ಕಾಂತಮ್ಮ ಆ ಉಪಾಯಕ್ಕೆ ಅವನಿಗೆ ಕೈಮುಗಿದಳು.

ಆ ಸಲವೂ ಕಲ್ಲೇಶಪ್ಪನಿಗೆ ಹದಿನೈದು ದಿನ ಊಟ ಸೇರಲಿಲ್ಲ. ಹದಿನಾರನೆಯ ದಿನ ಸೇರಬೇಕಾಗಿತ್ತು, ಅವತ್ತೂ ಸೇರಲಿಲ್ಲ. ಆಕಾಶದಲ್ಲಿ ಪಡುವಣ ದಿಕ್ಕಿಗೆ ಮೋಡ ಕಂಡರೆ ಅಂಗಡಿಯಿಂದ ಎದ್ದು ಬಂದು ನೋಡುವನು. ತರೀಕೆರೆ ಬಸ್ಸು ಬಂದರೆ ಇಳಿದವರನ್ನು ‘ಘಟ್ಟದ ಮೇಲೆ ಮಳೆ ಹೇಗಿದೆ’ ಎಂದು ವಿಚಾರಿಸುವನು. “ಇವನೇನು ಘಟ್ಟದ ಮೇಲೆ ಗದ್ದೆ ಮಾಡಿದಾನಾ?” ಎಂದು ಅಣ್ಣ ಗಿರಾಕಿಗಳ ಎದುರು ನಗುತ್ತಿದ್ದ.

ಆಷಾಢದಲ್ಲಿ ಓಂಕಾರಮೂರ್ತಿಯ ಕಾರ್ಡು ಬಂತು. ಕ್ಷೇಮ. ಮಗು ಬೆಳಿಗ್ಗೆ ಸಂಜೆ ಕುದುರೆ ಬಿಟ್ಟು ಇಳಿಯುವುದಿಲ್ಲ. ಎಡಗಾಲನ್ನು ಒತ್ತುತ್ತಾಳೆ. ಹೋದ ಸೋಮವಾರ ಗೋಡೆ ಹಿಡಿದು ತಾನಾಗಿ ನಿಂತಳು. ತಾವು ಹೇಳಿದಂತೆ ಕತ್ತಿಗೆ ಕಟ್ಟಿಯೇ ಕೂರಿಸುತ್ತೇವೆ. ಹದಿನೆಂಟು ದಿನದಿಂದ ಮಳೆ ಬಿಟ್ಟಿಲ್ಲ, ಡಬ್ಬಿಯಲ್ಲಿ ಉಪ್ಪು ನೀರಾಗಿದೆ. ಕುದುರೆಯ ಕತ್ತಿನ ಸುತ್ತ ಗೆರೆಯಂತೆ ಬಿಳಿಯ ಬೂಷ್ಟು ಬಂದಿದೆ. ಯಾವುದರಿಂದ ಒರೆಸಬೇಕು, ತಿಳಿಸಿ.

ಕಲ್ಲೇಶಪ್ಪ ಆ ಕೊನೆಯ ಸಾಲನ್ನು ಎರಡೆರಡು ಸಲ ಓದಿದ. ಬಣ್ಣದಡಿಯಿಂದ ಬೂಷ್ಟು ಬರಬೇಕಾದರೆ ಒಳಗಿನ ಹುಣಸೆಗಂಜಿ ಹಸಿಯಾಗಿ ಹಳಸಿದೆ. ಕಾರ್ಡಿನ ಮೇಲಿನ ತಾರೀಖು ಐದು ದಿನದ ಹಿಂದಿನದು. ಆ ಐದು ದಿನವೂ, ಬೆಳಿಗ್ಗೆ ಸಂಜೆ, ಮಗುವನ್ನು ಕಟ್ಟಿದ್ದಾರೆ. ಎಲ್ಲಿ ಕಳಚುತ್ತದೋ ಅಲ್ಲಿಗೇ ಕಟ್ಟಿದ್ದಾರೆ. ಕಟ್ಟಲು ಹೇಳಿದವನು ತಾನೇ.

ತಾಯಿಗೆ ತರೀಕೆರೆಯಲ್ಲಿ ಕೆಲಸವಿದೆ ಎಂದಷ್ಟೇ ಹೇಳಿ ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿ ಬೀರೂರಿನಲ್ಲಿಳಿದ. ತಮ್ಮಯ್ಯ ಬಾಗಿಲಲ್ಲಿ ಕೂತು ಉಳಿ ಮಸೆಯುತ್ತಿದ್ದ. ಇವನ ಮುಖ ನೋಡಿ ಮಸೆಯುವುದು ನಿಲ್ಲಿಸಿದ. ಕಲ್ಲೇಶಪ್ಪ ಕಾರ್ಡನ್ನು ಓದಿ ಹೇಳಿದ.

“ಕತ್ತಿಗೆ ಏನು ಹಾಕಿದ್ದೀಯ?”

“ಹುಣಸೆಬೀಜದ ಗಂಜಿ.”

ತಮ್ಮಯ್ಯ ಉಳಿಯನ್ನು ಕೆಳಗಿಟ್ಟ. “ಕಂಬಳಿ ಹೊದ್ದೋನು ಮಳೇಲಿ ಬಂದ್ರೆ ಮೈಮೇಲೆಲ್ಲ ಲೋಳೆ ಇಳಿಯೋದು ನೀನು ನೋಡೇ ಇಲ್ವೇನಪ್ಪಾ?”

ನೋಡಿದ್ದ. ಹುಟ್ಟಿದಾಗಿನಿಂದ ನೋಡಿದ್ದ. ಅಜ್ಜಂಪುರದಲ್ಲಿ ಅದನ್ನು ನೋಡದವರು ಯಾರಿದ್ದಾರೆ. ತಮ್ಮಯ್ಯ ಒಳಗೆ ಹೋಗಿ ಮರವಜ್ರದ ನಾಲ್ಕು ಚೂರನ್ನು ಕಾಗದದಲ್ಲಿ ಸುತ್ತಿ ತಂದು ಮುಂದೆ ಹಿಡಿದ. ಕಲ್ಲೇಶಪ್ಪನ ಕೈ ಮುಂದೆ ಬಂತು, ನಿಂತಿತು, ಮತ್ತೆ ಮುಂದೆ ಬಂತು. ಪೊಟ್ಟಣವನ್ನು ಪಂಚೆಯ ಮಡಿಕೆಯಲ್ಲಿ ಕಟ್ಟಿಕೊಂಡಾಗ ಹೊಟ್ಟೆಯ ಹತ್ತಿರ ಕೆಂಡ ಇಟ್ಟುಕೊಂಡಂತೆ ಅನ್ನಿಸಿತು.

ಬೀರೂರಿನಿಂದ ತರೀಕೆರೆಗೆ ರಾತ್ರಿಯ ರೈಲು, ಬೆಳಗಾಗುತ್ತಲೇ ಅಲ್ಲಿಂದ ಲಿಂಗದಹಳ್ಳಿಗೆ ಬಸ್ಸು, ಮುಂದೆ ತೋಟದ ಲಾರಿ. ದಾರಿಯುದ್ದಕ್ಕೂ ಅವನು ಲೆಕ್ಕ ಹಾಕುತ್ತಿದ್ದದ್ದು ಒಂದೇ: ಈಗ ಮಗು ಎದ್ದಿರುತ್ತಾಳೆ, ಈಗ ಹಾಲು ಕುಡಿದಿರುತ್ತಾಳೆ, ಈಗ ಸೀರೆ ತುಂಡು ತಂದಿರುತ್ತಾರೆ. ಲಾರಿ ಒಂದು ತಿರುವಿನಲ್ಲಿ ಹೂತುಕೊಂಡಿತು. ಎಲ್ಲರೂ ಇಳಿದು ತಳ್ಳಿದರು. ಕಲ್ಲೇಶಪ್ಪ ತಳ್ಳಿದ ರಭಸ ನೋಡಿ ಡ್ರೈವರು, “ಯಜಮಾನ್ರೆ, ನಿಧಾನ, ಎದೆ ಹಿಡ್ಕಂಡಾತು” ಎಂದ.

ರೈಟರ ಮನೆಗೆ ತಲುಪಿದಾಗ ಮಧ್ಯಾಹ್ನ. ಕಾಂತಮ್ಮ ಬಾಗಿಲಿಗೆ ಬಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಹಿಂದೆ ಪಡಸಾಲೆಯಲ್ಲಿ ಕುದುರೆ ನಿಂತಿತ್ತು, ತಲೆಯಿಲ್ಲದೆ. ಪಕ್ಕದ ಚಾಪೆಯ ಮೇಲೆ ಶಿವಲೀಲ ಮಲಗಿದ್ದಳು. ಗಲ್ಲಕ್ಕೆ ಪಟ್ಟಿ ಕಟ್ಟಿತ್ತು, ಮೇಲ್ದುಟಿ ಊದಿತ್ತು.

ಕಲ್ಲೇಶಪ್ಪ ಹೊಸ್ತಿಲಲ್ಲೇ ಕೂತ.

ಹಿಂದಿನ ದಿನ ಬೆಳಿಗ್ಗೆ ಆದದ್ದು. ಕತ್ತು ಕಳಚಿ ಮುಂದಕ್ಕೆ ಬಿತ್ತು. ಕಟ್ಟಿದ ಮಗುವನ್ನೂ ಜೊತೆಗೆ ಎಳೆದುಕೊಂಡೇ ಬಿತ್ತು. ತೋಟದ ಕಾಂಪೌಂಡರು ಗಲ್ಲಕ್ಕೆ ಮೂರು ಹೊಲಿಗೆ ಹಾಕಿದ್ದ. ಎರಡು ಹಾಲುಹಲ್ಲು ಹೋಗಿದ್ದವು. ಅಷ್ಟಕ್ಕೇ ಉಳಿದದ್ದು ದೊಡ್ಡದು ಎಂದು ಕಾಂತಮ್ಮ ಹೇಳಿದಳು. ಆಮೇಲೆ ಅವಳು ಹೇಳಿದ ಮಾತಿಗೆ ಕಲ್ಲೇಶಪ್ಪ ತಯಾರಿರಲಿಲ್ಲ.

“ನಂದೇ ತಪ್ಪು ಅಣ್ಣಾ. ಬಿದ್ದಾಳು ಅಂತ ಭಯಕ್ಕೆ ಅವತ್ತು ಸ್ವಲ್ಪ ಜಾಸ್ತಿ ಬಿಗಿಯಾಗಿ ಕಟ್ಬಿಟ್ಟೆ. ಎಳ್ದೂ ಎಳ್ದೂ ಕತ್ತೇ ಕಿತ್ತು ಬಂತು. ನೀವು ಅಷ್ಟು ಚೆನ್ನಾಗಿ ಮಾಡಿದ್ದನ್ನ ಹಾಳು ಮಾಡ್ಬಿಟ್ಟೆ. ತಪ್ಪು ತಿಳ್ಕಬೇಡಿ.”

ಓಂಕಾರಮೂರ್ತಿ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ಮನೆಯಲ್ಲಿ ಆ ಮಾತು ನಿನ್ನೆಯಿಂದ ಎಷ್ಟು ಸಲ ಆಡಿ ಆಗಿದೆಯೋ ಎಂಬುದು ಕಲ್ಲೇಶಪ್ಪನಿಗೆ ಅವರ ಮುಖದಲ್ಲೇ ಕಂಡಿತು. ಹೂಂ ಅಂದರೆ ಮುಗಿದುಹೋಗುತ್ತಿತ್ತು. ಹೂಂ ಅನ್ನುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಎದ್ದು ಹೋಗಿ, ಮೂಲೆಯಲ್ಲಿದ್ದ ತಲೆಯನ್ನು ಎತ್ತಿ, ಕತ್ತು ಕೂಡಿಸಿದ್ದ ಜಾಗದಲ್ಲಿ ಬೆರಳಿಟ್ಟು ಎಳೆದ. ಹಳಸಿದ ಗಂಜಿ ಲೋಳೆಲೋಳೆಯಾಗಿ ಬೆರಳಿಗೆ ಬಂತು.

“ನೋಡಿ ತಾಯಿ, ನಿಮ್ಮ ತಪ್ಪಲ್ಲ ಇದು. ಅಂಟು ಹಿಡ್ದೇ ಇಲ್ಲ. ನಾನು ಹಾಕ್ಬೇಕಾದ್ದನ್ನ ಹಾಕ್ಲಿಲ್ಲ.”

ಓಂಕಾರಮೂರ್ತಿ ಮೊದಲ ಸಲ ಬಾಯಿ ತೆರೆದ. “ಕೊಡುವಾಗ ಗೊತ್ತಿತ್ತಾ?”

ಇಲ್ಲವೆನ್ನಲು ಬಹಳ ಆಸೆಯಾಯಿತು.

“ಅನುಮಾನ ಇತ್ತು” ಎಂದ.

ಓಂಕಾರಮೂರ್ತಿ ಎದ್ದು ಬಂದವನು ಹೊಡೆಯುತ್ತಾನೆಂದೇ ಕಲ್ಲೇಶಪ್ಪ ಭಾವಿಸಿದ. ಹೊಡೆದಿದ್ದರೆ ಒಳ್ಳೆಯದಾಗುತ್ತಿತ್ತು. ಅವನು ಹೆಂಡತಿಯ ಮುಂದೆ ಹೋಗಿ ಒಂದು ಗಳಿಗೆ ನಿಂತು, ಕೊಡೆ ತೆಗೆದುಕೊಂಡು ಆಫೀಸಿಗೆ ಹೊರಟುಹೋದ. ಕಾಂತಮ್ಮ ಅಡಿಗೆಮನೆಗೆ ಹೋಗಿ ಅತ್ತಳು. ಕಲ್ಲೇಶಪ್ಪನೂ ಅತ್ತ.

ಆಮೇಲೆ ಅವನು ತಾನು ತಂದದ್ದೇನು, ಯಾವುದರಿಂದ ಮಾಡಿದ್ದು ಎಂಬುದನ್ನೆಲ್ಲ ಮುಚ್ಚಿಡದೆ ಹೇಳಿದ. ಅವರದೂ ಲಿಂಗ ಕಟ್ಟಿದ ಮನೆಯೇ. ಕಾಂತಮ್ಮ ಕಣ್ಣೊರೆಸಿಕೊಂಡು, ಹಿತ್ತಲ ಮಾಡಿನಡಿ ಮೂರು ಕಲ್ಲು ಹೂಡಿ, ಒಂದು ಹಳೆಯ ಮಡಕೆ ತಂದಿಟ್ಟಳು. ಮರವಜ್ರವನ್ನು ಸಂಜೆಯೇ ನೆನೆಯಲಿಟ್ಟು, ಕಲ್ಲೇಶಪ್ಪ ರಾತ್ರಿ ತೋಟದ ಕೂಲಿಗಳ ಸಾಲುಮನೆಯಲ್ಲಿ ಆಳೊಬ್ಬನ ಜೊತೆ ಉಳಿದ. ಮಾರನೆಯ ದಿನ ಆ ಜಾಗವನ್ನು ಕೆತ್ತಿ ತೊಳೆದು, ಕೆಂಡದ ಮೇಲೆ ಹಿಡಿದು ಒಣಗಿಸಿ, ಮರವಜ್ರ ಕುದಿಸಿ ಹೊಯ್ದ. ಮೇಲೆ ತೋಟದ ಕಮ್ಮಾರನಿಂದ ಕಬ್ಬಿಣದ ಪಟ್ಟಿಯನ್ನೂ ಸುತ್ತಿಸಿದ. ಕುದುರೆಯ ಚಂದ ಹೋಯಿತು. ಚಂದ ಕಟ್ಟಿಕೊಂಡು ಯಾರಿಗೇನು ಆಗಬೇಕಿತ್ತು.

ಕತ್ತು ನಿಂತಿತು, ಮಗು ಮಾತ್ರ ಹತ್ತಿರ ಬರಲಿಲ್ಲ. ಎರಡು ದಿನ ಚಾಪೆಯ ಮೇಲಿಂದಲೇ ನೋಡಿದಳು. ಎತ್ತಿಕೊಂಡು ಹೋದರೆ ಅಮ್ಮನ ಕತ್ತು ಬಿಡಲಿಲ್ಲ. ಕಾರ್ಡಿನಲ್ಲಿ ಬರೆದಿದ್ದ, ಮಗು ಗೋಡೆ ಹಿಡಿದು ನಿಂತ ಆ ಸೋಮವಾರ ಕಲ್ಲೇಶಪ್ಪನಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಕಾಲು ಬಲಿಯುವ ವಯಸ್ಸು ಇದೇ ಎಂದಿದ್ದರಲ್ಲ ಡಾಕ್ಟರು. ಮಗು ಇನ್ನು ಹತ್ತಲೇ ಇಲ್ಲವೆಂದರೆ? ಆ ಯೋಚನೆಯ ಮುಂದಕ್ಕೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ.

ಮೂರನೆಯ ಬೆಳಿಗ್ಗೆ, ಲಾರಿ ಹೊರಡುವ ಹೊತ್ತಿಗೆ, ಅವನು ಹೇಳಿ ಹೋಗಲೆಂದು ಬಂದಾಗ ಶಿವಲೀಲ ಕೇಳಿದಳು: “ಮಾಮ, ನೀವು ಹಿಡ್ಕತೀರಾ?”

ಹಿಡಿದುಕೊಂಡ. ಲಾರಿ ಹೋಯಿತು. ಒಂದು ಕೈ ಕುದುರೆಯ ಕತ್ತಿನಡಿ, ಒಂದು ಕೈ ಮಗುವಿನ ಎದೆಗೆ ಕೊಟ್ಟು ಮೊಣಕಾಲೂರಿ ಕೂತ. ಅವಳು ಮೆಲ್ಲಗೆ, ಬಹಳ ಮೆಲ್ಲಗೆ ಎಡಗಾಲು ಒತ್ತಿದಳು. ಒತ್ತಿ ನಿಲ್ಲಿಸಿ ಅವನ ಮುಖ ನೋಡಿದಳು. ಮತ್ತೆ ಒತ್ತಿದಳು. ಕಲ್ಲೇಶಪ್ಪ ಆ ದಿನ ಹೊರಡಲಿಲ್ಲ. ಮಾರನೆಯ ದಿನ ಕಾಂತಮ್ಮ ಅವನ ಜಾಗದಲ್ಲಿ ಮಗುವನ್ನು ಹಿಡಿದು ಕೂತದ್ದನ್ನು ನೋಡಿದ ಮೇಲೆಯೇ ಹೊರಟ. ಓಂಕಾರಮೂರ್ತಿ ಲಾರಿಯವರೆಗೆ ಬಂದು ಬೀಳ್ಕೊಟ್ಟು, ಲಾರಿ ಹೊರಡುವ ಮೊದಲೇ ತಿರುಗಿ ನಡೆದ.

ಊರಿಗೆ ಬರುವಷ್ಟರಲ್ಲಿ ಇನ್ನೊಂದು ಚಿಂತೆ ಕಾದು ಕೂತಿತ್ತು. ಆಣೆ ಮುರಿದಾಗಿತ್ತು. ತಾಯಿ ಬಯ್ಯಬಹುದು, ಅನ್ನ ಬಿಡಬಹುದು, ಮತ್ತೆ ಜ್ವರ ಮರುಕಳಿಸಿದರೆ ಅದಕ್ಕೂ ತಾನೇ ಹೊಣೆ. ರೈಲಿನಲ್ಲಿ ಒಂದೊಂದಕ್ಕೂ ಒಂದೊಂದು ಉತ್ತರ ಹೊಂದಿಸಿಕೊಂಡ. ಕರಿಬಸಮ್ಮ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ಅವನು ಎದುರಿಗೆ ಕೂತು ಯುಗಾದಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳ ಕೈ ಮೊರದಲ್ಲೇ ನಿಂತಿತು.

“ಮೂರು ಹೊಲಿಗೆ ಹಾಕಿದ್ರಾ?”

“ಹೂಂ.”

“ಕಾಲಿಲ್ಲದ ಮಗು ಕೂರೋ ಕುದುರೆ ಅಂತ ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಆಣೆ ಹಾಕಿಸ್ಕಂಡಿದ್ಯಲ್ಲವ್ವಾ.”

“ಯಾರೋ ಉಳ್ಳೋರ ಮನೆ ಮಕ್ಕಳ ಷೋಕಿಗೆ ನನ್ನ ಮಗ ತೊಗಲು ಬೇಯಿಸ್ತಾನೆ ಅಂತ ಹಾಕಿಸ್ಕಂಡೆ ಕಣೋ. ಹಾಕಿಸ್ಕಂಡೋಳು ಇಲ್ಲೇ ಒಲೆ ಮುಂದೆ ಕೂತಿದ್ದೆ. ನನ್ನ ಎದುರಿಗೇ ಗಂಜಿ ಕಾಯಿಸ್ದೆ. ಒಂದು ಮಾತು ಕೇಳಿದ್ರೆ ಆಣೆ ಬಿಡಿಸ್ತಿದ್ದೆನಲ್ಲೋ.”

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಮೊರವನ್ನು ಪಕ್ಕಕ್ಕಿಟ್ಟು, ಬೀದಿಯ ಕಡೆ ನೋಡುತ್ತ ಕೂತಳು. ಕಲ್ಲೇಶಪ್ಪ ರೈಲಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಉತ್ತರಗಳನ್ನೆಲ್ಲ ಬಿಟ್ಟು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಅವರೆಕಾಳು ಆರಿಸತೊಡಗಿದ.